ಮಗಳ ಕೊರಿಯಾಕ್ಕೆ ಮಸ್ಕಿಯ ಪಟ್ಟಿ

ಮಗಳು ಸ್ಕೌಟ್ ಮೀಟಿಂಗ್ ಮುಗಿಸಿ ಬಂದು, ಶೂ ಬಿಚ್ಚದೇ ಅಡುಗೆಮನೆಗೆ ನುಗ್ಗಿ, "ಅಪ್ಪಾ, ನಾನು ಆಯ್ಕೆಯಾದೆ" ಅಂದಳು. 2023ರ ಆಗಸ್ಟಿನಲ್ಲಿ ದಕ್ಷಿಣ ಕೊರಿಯಾದಲ್ಲಿ ವಿಶ್ವ ಸ್ಕೌಟ್ ಜಾಂಬೂರಿ. ಬ್ರಿಟನ್ನಿನಿಂದ ಹೊರಡುವವರು ಸುಮಾರು ನಾಲ್ಕೂವರೆ ಸಾವಿರ ಮಂದಿ. ಒಂದೊಂದು ತಂಡಕ್ಕೆ 36 ಹುಡುಗ ಹುಡುಗಿಯರು, ಲೆಸ್ಟರ್ ಕಡೆಯ ಒಂದು ತಂಡದಲ್ಲಿ ಇವಳೂ ಒಬ್ಬಳು. ನನಗೆ ಹಿಗ್ಗು. ಆಮೇಲೆ ಖರ್ಚು ಕೇಳಿದೆ. ತಲೆಗೆ ಸುಮಾರು ಮೂರೂವರೆ ಸಾವಿರ ಪೌಂಡು. ಪೌಂಡಿಗೆ ನೂರು ರೂಪಾಯಿ ಅಂತ ಹಿಡಿದರೂ ಮೂರೂವರೆ ಲಕ್ಷ.

ಇಲ್ಲಿಗೆ ಬಂದು ಹದಿನೆಂಟು ವರ್ಷವಾದರೂ ಪೌಂಡನ್ನು ರೂಪಾಯಿಗೆ ಗುಣಿಸುವ ಚಟ ನನಗೆ ಬಿಟ್ಟಿಲ್ಲ. ಗುಣಿಸಿ, ಬೆವರಿ, ಒರೆಸಿಕೊಂಡು, "ಆಗಲಿ, ಕಂತಿನಲ್ಲಿ ಕಟ್ಟೋಣ" ಅಂದೆ.

"ನೀನು ಕಟ್ಟಬಾರದು. ನಾನೇ ಎತ್ತಬೇಕು" ಅಂದಳು.

ಎತ್ತುವುದು ಅಂದರೇನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಾವು ಮಸ್ಕಿಯವರು, ಪಟ್ಟಿ ಎತ್ತುತ್ತಲೇ ಬೆಳೆದವರು. ಗುಡ್ಡದ ಮಲ್ಲಯ್ಯನ ಜಾತ್ರೆಗೆ ಪಟ್ಟಿ, ಗಣಪತಿಗೆ ಪಟ್ಟಿ, ಮೊಹರಮ್ಮಿನ ಅಲಾಯಿ ದೇವರಿಗೆ ಪಟ್ಟಿ, ಬಯಲಾಟಕ್ಕೆ ಪಟ್ಟಿ. ರಸೀದಿ ಪುಸ್ತಕ ಹಿಡಿದ ನಾಲ್ಕು ಹುಡುಗರು ಓಣಿಯ ತಿರುವಿನಲ್ಲಿ ಕಂಡರೆ ಸಾಕು, ಅಂಗಡಿಯವರು ಗಲ್ಲೆಯ ಕೆಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗುತ್ತಿದ್ದರು. ಆದರೆ ಪಟ್ಟಿಗೆ ಒಂದು ರಿವಾಜು ಇತ್ತು. ಊರ ಕೆಲಸಕ್ಕೆ ಎತ್ತಿದರೆ ಪಟ್ಟಿ, ಮನೆಯ ಕೆಲಸಕ್ಕೆ ಎತ್ತಿದರೆ ಭಿಕ್ಷೆ. ಸ್ವಂತ ಮಗಳು ವಿಮಾನ ಹತ್ತಲಿಕ್ಕೆ ಬಕೆಟ್ ಹಿಡಿದು ನಿಲ್ಲುವುದು ಎರಡರಲ್ಲಿ ಯಾವುದು?

ನನ್ನ ಹೆಂಡತಿ ಸಿಂಧನೂರಿನವಳು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದವಳು, ಹಾಗಾಗಿ ಯಾವುದಕ್ಕೂ ಬಾಯಿ ಒಣಗುವುದಿಲ್ಲ. "ಬಸವಣ್ಣ ಬಂದು ಥೇಮ್ಸ್ ದಂಡಿ ಮ್ಯಾಲ ನಿಂತು ಆರು ವರ್ಷಾತು. ಕಾಯಕ ಅಂತ ತಿಳಕೊಂಡು ಸುಮ್ಮನಿರ್ರಿ" ಅಂದಳು. ಲಂಡನ್ನಿನ ಆ ಪುತ್ಥಳಿ 2015ರ ನವೆಂಬರಿನಲ್ಲಿ ಅನಾವರಣವಾದಾಗಿನಿಂದ ನಮ್ಮ ಮನೆಯ ಎಲ್ಲ ವಾದಗಳೂ ಅಲ್ಲಿಗೇ ಹೋಗಿ ನಿಲ್ಲುತ್ತವೆ.

ನಿಜ ಹೇಳಬೇಕೆಂದರೆ ಸ್ಕೌಟಿನವರ ಈ ಪದ್ಧತಿ ನನಗೂ ಗೊತ್ತಿದ್ದದ್ದೇ. 1949ರಲ್ಲಿ ಬ್ರಿಟನ್ನಿನ ಸ್ಕೌಟ್ ಹುಡುಗರು 'ಬಾಬ್ ಎ ಜಾಬ್' ಅಂತ ವಾರ ಆಚರಿಸಲು ಶುರು ಮಾಡಿದರು. ಬಾಬ್ ಅಂದರೆ ಶಿಲ್ಲಿಂಗು. ಮನೆಮನೆಗೆ ಹೋಗಿ ಬೂಟು ಒರೆಸಿ, ಹುಲ್ಲು ಕತ್ತರಿಸಿ, ಒಂದು ಕೆಲಸಕ್ಕೆ ಒಂದು ಶಿಲ್ಲಿಂಗು ಈಸಿಕೊಳ್ಳುವುದು. ನಮ್ಮ ಭಾರತ್ ಸ್ಕೌಟ್ಸ್‌ನಲ್ಲಿ ಅದಕ್ಕೇ 'ಖರೀ ಕಮಾಯಿ' ಅನ್ನುತ್ತಾರೆ. ನಾನೂ ಕೊರಳಿಗೆ ಸ್ಕಾರ್ಫ್ ಕಟ್ಟಿಕೊಂಡು ಮಸ್ಕಿಯ ಒಂದು ಅಡತಿ ಅಂಗಡಿಗೆ ಖರೀ ಕಮಾಯಿ ಅಂತ ಹೋಗಿದ್ದೆ. ಸಾಹುಕಾರರು ಒಂದು ಚೀಲ ಶೇಂಗಾ ಮುಂದೆ ಸುರಿದು ಹಳ್ಳು ಆರಿಸಲು ಹಚ್ಚಿದರು. ಸಂಜೆಗೆ ಒಂದು ರೂಪಾಯಿ ಕೊಟ್ಟು, ನಾನು ತಿಂದ ಶೇಂಗಾಕ್ಕೆ ಎಂಟಾಣೆ ಮುರಿದುಕೊಂಡರು. ಅಂದಿನಿಂದ ಸ್ವಾವಲಂಬನೆಯ ಬಗ್ಗೆ ನನಗೆ ಅಷ್ಟಕ್ಕಷ್ಟೇ.

ಮಗಳ ಮೊದಲ ಕಾಯಕ ಸೂಪರ್‌ಮಾರ್ಕೆಟ್ಟಿನಲ್ಲಿ. ಗಲ್ಲೆಯ ಆಚೆ ನಿಂತು ಗಿರಾಕಿಗಳ ಸಾಮಾನು ಚೀಲಕ್ಕೆ ತುಂಬುವುದು, ಅವರು ಪಕ್ಕದ ಬಕೆಟ್ಟಿಗೆ ಚಿಲ್ಲರೆ ಹಾಕುವುದು. ಬೀದಿಯಲ್ಲಿ ಬಕೆಟ್ ಹಿಡಿಯಬೇಕಾದರೆ ಇಲ್ಲಿ ಕೌನ್ಸಿಲ್ಲಿನ ಪರವಾನಗಿ ಬೇಕು, ಅದಕ್ಕೇ ಅಂಗಡಿಯ ಒಳಗೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಅವಳನ್ನು ಬಿಟ್ಟು ಮನೆಗೆ ಬಂದೆ. ಹತ್ತೂ ಮುಕ್ಕಾಲಿಗೆ ಸಿಂಧನೂರಿನಿಂದ ಮಾವನ ಫೋನು.

"ಅಳಿಯಂದ್ರ, ಕಂಪನಿಯಾಗ ಎಲ್ಲಾ ಸುಸೂತ್ರ ಐತಲ್ಲ?"

"ಐತ್ರಿ ಮಾವ, ಯಾಕ್ರಿ?"

"ಏನಿಲ್ಲ. ಮೊಮ್ಮಗಳು ಕಿರಾಣಿ ಅಂಗಡ್ಯಾಗ ಮಂದಿ ಚೀಲಾ ತುಂಬಾಕತ್ತಾಳ ಅಂತ ಸುದ್ದಿ ಬಂತು. ರೊಕ್ಕದ ಅಡಚಣಿ ಇದ್ರ ಸಂಕೋಚ ಬ್ಯಾಡ. ಈ ಸಲ ಭತ್ತ ಚಲೋ ಬಂದೈತಿ."

ಕನ್ನಡಿಗರು ಯಾರೋ ಬ್ರೆಡ್ಡು ಕೊಳ್ಳಲು ಹೋದವರು ಇವಳನ್ನು ಕಂಡಿದ್ದರು. ಆ ಬ್ರೆಡ್ಡು ಅವರ ಮನೆ ಮುಟ್ಟುವ ಮೊದಲೇ ನನ್ನ ನೌಕರಿ ಹೋದ ಸುದ್ದಿ ಸಿಂಧನೂರು ಮುಟ್ಟಿತ್ತು.

ಮುಂದೆ ಪ್ರಾಯೋಜಿತ ನಡಿಗೆ. ಇಷ್ಟು ಮೈಲಿ ನಡೆಯುತ್ತೇನೆ, ಮೈಲಿಗೆ ಇಷ್ಟು ಕೊಡಿ ಅಂತ ಫಾರಂ ಹಿಡಿದು ತಿರುಗುವುದು. ಇದನ್ನು ಅವ್ವನಿಗೆ ಫೋನಿನಲ್ಲಿ ತಿಳಿಸಿ ಹೇಳಲು ನನಗೆ ಒಂದು ವಾರ ಹಿಡಿಯಿತು. ಯುಗಾದಿ ಮುಂದೆ ನಮ್ಮ ಕಡೆಯ ಮಂದಿ ಶ್ರೀಶೈಲಕ್ಕೆ ನೂರಾರು ಕಿಲೋಮೀಟರು ನಡೆದುಕೊಂಡೇ ಹೋಗುತ್ತಾರೆ, ಮರಗಾಲು ಕಟ್ಟಿಕೊಂಡು ನಡೆಯುವವರೂ ಇದ್ದಾರೆ. ಅವರಿಗೆ ಯಾರೂ ಕಿಲೋಮೀಟರಿಗೆ ಇಷ್ಟು ಅಂತ ಕೊಡುವುದಿಲ್ಲ. ದಾರಿಯುದ್ದಕ್ಕೂ ಪೆಂಡಾಲು ಹಾಕಿ ರೊಟ್ಟಿ, ಪಲ್ಯ, ಮಜ್ಜಿಗೆ ಕೊಟ್ಟು ಕಾಲಿಗೆ ಎಣ್ಣೆ ತಿಕ್ಕಿ ಕಳಿಸುತ್ತಾರೆ. "ಹಂಗಾದ್ರ ಈಕಿ ಯಾವ ದೇವರಿಗೆ ನಡೀತಾಳ?" ಅಂತ ಅವ್ವನ ಪ್ರಶ್ನೆ. ಕೊರಿಯಾಕ್ಕೆ ಅಂದೆ. "ಕೊರಿಯಾಕ್ಕ ನಡಕೊಂತ?"

ಪ್ರಾಯೋಜಿತ ಮೌನ ಅಂತ ಇನ್ನೊಂದಿದೆ. ಮಗು ಇಡೀ ದಿನ ಬಾಯಿ ಮುಚ್ಚಿಕೊಂಡಿದ್ದರೆ ಬಂಧುಬಳಗ ಗಂಟೆಗೆ ಇಷ್ಟು ಅಂತ ಕೊಡಬೇಕು. ಅವ್ವ ಇದಕ್ಕೆ ಖಡಾಖಂಡಿತ ಒಲ್ಲೆ ಅಂದಳು. "ವಾರಕ್ಕ ಐದು ನಿಮಿಷ ಮಾತಾಡ್ತಾಳ, ಅದರಾಗ ನಾಕು ನಿಮಿಷ 'ಹೂಂ ಅಜ್ಜಿ'. ಮಾತಾಡಿದ್ರ ರೊಕ್ಕ ಕೊಡ್ತೀನಿ, ಸುಮ್ಮನಿದ್ದಿದ್ದಕ್ಕಲ್ಲ." ಹಾಗೆ ಹುಟ್ಟಿದ್ದು ಪ್ರಾಯೋಜಿತ ಕನ್ನಡ. ಭಾನುವಾರ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಮಗಳು ಕನ್ನಡ ಬಿಟ್ಟು ಬೇರೆ ಭಾಷೆ ಆಡಬಾರದು. ಊರಿನ ಕನ್ನಡ ಮನೆಗಳಲ್ಲಿ ಇದಕ್ಕೆ ಬಿದ್ದ ಬೆಂಬಲ ನೋಡಿ ನನ್ನ ಕಣ್ಣು ತುಂಬಿತು. ಗಂಟೆಗೆ ಎರಡು ಪೌಂಡು, ಮೂರು ಪೌಂಡು! ಆ ದಿನ ಮಗಳು ಬೆಳಿಗ್ಗೆ "ಹಾಲು ಬೇಕು" ಅಂದಳು. ಮಧ್ಯಾಹ್ನ "ಸಾಕು" ಅಂದಳು. ಸಂಜೆ ತಮ್ಮನಿಗೆ "ಕತ್ತೆ" ಅಂದಳು. ಉಳಿದ ಹೊತ್ತು ಗೋಡೆ ನೋಡುತ್ತ ಕೂತಿದ್ದಳು. ಎರಡು ಬಾಬತ್ತಿನ ಹಣ ಒಂದೇ ದಿನದಲ್ಲಿ ಕೇಳಬಹುದಿತ್ತು.

ಇನ್ನು ತಿಂಡಿ ಮಾರಾಟ. ಅವ್ವ ಕಳಿಸಿದ ಶೇಂಗಾ ಹೋಳಿಗೆಯ ಮುಂದೆ ಇವರ ಕೇಕು ಯಾವ ಲೆಕ್ಕ ಅಂತ ನಾನು ತೊಡೆ ತಟ್ಟಿಕೊಂಡೇ ಇಳಿದೆ. ತಂಡದ ನಾಯಕಿಯಿಂದ ಒಂದು ಹಾಳೆ ಬಂತು. ಶೇಂಗಾ ಬೇಡವೇ ಬೇಡ, ಉಳಿದಂತೆ ಅಲರ್ಜಿ ತರುವ ಹದಿನಾಲ್ಕು ಪದಾರ್ಥಗಳಲ್ಲಿ ಯಾವುದಿದ್ದರೂ ಪೊಟ್ಟಣದ ಮೇಲೆ ಬರೆಯಬೇಕು. ಇದೂ ಒಂದು ಪಟ್ಟಿಯೇ, ಬ್ರಿಟನ್ನಿನ ಆಹಾರ ಕಾನೂನಿನ ಪಟ್ಟಿ. ಎಳ್ಳು ಹೋಳಿಗೆ ಮಾಡೋಣ ಅಂದರೆ ಎಳ್ಳು ಅದರಲ್ಲಿದೆ. ಹೂರಣದ ಹೋಳಿಗೆಗೆ ಗೋಧಿ ಇದೆ. ಪೇಡೆಗೆ ಹಾಲು, ಉಂಡಿಗೆ ಗೋಡಂಬಿ. ಹೋಗಲಿ, ಮಂಡಾಳ ಒಗ್ಗರಣಿ ಮಾಡೋಣ ಅಂದರೆ ಸಾಸಿವೆಯೂ ಆ ಹದಿನಾಲ್ಕರಲ್ಲಿ ಒಂದು! ಸಾಸಿವೆ ಚಟಪಟ ಅನ್ನದ ಒಗ್ಗರಣಿಯನ್ನು ರಾಯಚೂರು ಜಿಲ್ಲೆಯಲ್ಲಿ ಒಗ್ಗರಣಿ ಅನ್ನುವುದಿಲ್ಲ, ಒದ್ದೆ ಮಂಡಾಳು ಅನ್ನುತ್ತಾರೆ. ನಮ್ಮ ತಿಂಡಿಗಳಿಗೆ ಚೀಟಿ ಬರೆಯುತ್ತ ಹೋದಂತೆ ಪೊಟ್ಟಣಕ್ಕಿಂತ ಚೀಟಿಯೇ ದೊಡ್ಡದಾಯಿತು.

ರಾತ್ರಿ ಹನ್ನೊಂದಕ್ಕೆ ಹೆಂಡತಿ ಆ ಹಾಳೆಯ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿ, "ಇದರಾಗ ಜೋಳ ಇಲ್ಲ ನೋಡ್ರಿ" ಅಂದಳು.

ಜೋಳದ ರೊಟ್ಟಿ! ಜೋಳ ಮತ್ತು ನೀರು. ಹದಿನಾಲ್ಕರಲ್ಲಿ ಒಂದೂ ಇಲ್ಲ. ಅದನ್ನು ಖಡಕ್ ಮಾಡಿಟ್ಟರೆ ತಿಂಗಳಾದರೂ ಕೆಡುವುದಿಲ್ಲ. ಸಾಲದ್ದಕ್ಕೆ 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಸಾರಿತ್ತು. ಮಗಳು ಕಂಪ್ಯೂಟರಿನಲ್ಲಿ ಚೀಟಿ ಮಾಡಿದಳು. ಗ್ಲೂಟೆನ್ ಇಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ, ಎಣ್ಣೆಯಿಲ್ಲ, ಸಕ್ಕರೆಯಿಲ್ಲ. ನಮ್ಮ ಮನೆಯಲ್ಲಿ ಏನೇನಿಲ್ಲ ಅಂತ ಇಷ್ಟು ಹೆಮ್ಮೆಯಿಂದ ಬಣ್ಣದಲ್ಲಿ ಅಚ್ಚು ಹಾಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಹತ್ತರ ಪೊಟ್ಟಣಕ್ಕೆ ಐದು ಪೌಂಡು.

ಆದರೆ ಬಡಿಯುವವರು ಯಾರು? ಹೆಂಡತಿ ಕೈ ತೊಳೆದುಕೊಂಡಳು. ರೊಟ್ಟಿ ಬಡಿಯುವುದು ತಪ್ಪಲಿ ಅಂತಲೇ ಇಂಜಿನಿಯರನ್ನು ಮದುವೆಯಾದೆ ಅಂತ ಅವಳ ಬಹುಕಾಲದ ಹೇಳಿಕೆ. ಮಗಳಿಗೆ ಓದು. ಉಳಿದದ್ದು ನಾನು, ಮತ್ತು ಮಸ್ಕಿಯಿಂದ ವಿಡಿಯೋ ಕಾಲಿನಲ್ಲಿ ಅವ್ವ.

ಗುಜರಾತಿ ಅಂಗಡಿಯಿಂದ ತಂದ ಜುವಾರ್ ಹಿಟ್ಟು ಯಾವ ಕಾಲಕ್ಕೆ ಬೀಸಿದ್ದೋ, ಜಿಗಿ ಇರಲಿಲ್ಲ. ಫೋನನ್ನು ಹಿಟ್ಟಿನ ಪಾಕೀಟಿಗೆ ಆನಿಸಿಟ್ಟೆ. "ಹಿಟ್ಟು ಹಳೇದು, ಎಸರು ಇನ್ನಾ ಕಾಯಲಿ" ಅಂದಳು ಅವ್ವ. ಕುದಿಯುವ ಎಸರು ಸುರಿದು ನಾದಲು ಹೋದರೆ ಅಂಗೈ ಸುಟ್ಟಿತು. "ಸುಟ್ಟರ ಸುಡಲಿ, ಬಿಸಿ ಇದ್ದಾಗ ನಾದು." ಉಂಡೆ ಮಾಡಿ, ಹಿಟ್ಟು ಉದುರಿಸಿ, ಅಂಗೈ ಬಿಚ್ಚಿ ಬಡಿಯತೊಡಗಿದೆ. ಮೊದಲ ರೊಟ್ಟಿಗೆ ಭಾರತದ ಆಕಾರ ಬಂತು, ಎರಡನೆಯದಕ್ಕೆ ಶ್ರೀಲಂಕಾದ್ದು. ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಬೇಕು, ಹೆಚ್ಚಾದರೆ ಹಸಿ, ಕಡಿಮೆಯಾದರೆ ಬಿರುಕು. ಹತ್ತನೆಯ ರೊಟ್ಟಿಗೆ ಹೊಗೆಯ ಅಲಾರಾಂ ಹೊಡೆದುಕೊಂಡಿತು. ಇಪ್ಪತ್ತನೆಯದಕ್ಕೆ ಹಿಟ್ಟು ಹಾರಿ ಫೋನಿನ ಕ್ಯಾಮೆರಾ ಮುಚ್ಚಿತು.

"ನೀ ಕಾಣವಲ್ಲಿ" ಅಂದಳು ಅವ್ವ. "ಇರಲಿ, ಸಪ್ಪಳ ಕೇಳತೈತಿ. ನೀ ನಡುಕ ಬಡೀತಿ, ಅಂಚು ದಪ್ಪ ಉಳಿದೈತಿ ನೋಡು." ನೋಡಿದೆ. ಉಳಿದಿತ್ತು. ಐದು ಸಾವಿರ ಮೈಲಿ ಆಚೆ ಕೂತು, ಸಪ್ಪಳದ ಮೇಲೆ ರೊಟ್ಟಿಯ ಅಂಚು ಹೇಳುವ ಇನ್ನೊಬ್ಬ ಇಂಜಿನಿಯರನ್ನು ನಾನು ಕಂಡಿಲ್ಲ.

ನಮ್ಮದು ಜೋಡಿ ಮನೆ, ನಡುವೆ ಒಂದೇ ಗೋಡೆ. ಮೂರನೆಯ ಶುಕ್ರವಾರ ರಾತ್ರಿ ಪಕ್ಕದ ಮನೆಯ ಹಿರಿಯರು ಬಾಗಿಲು ಬಡಿದು, ಬೇಸರವಿಲ್ಲ, ಕುತೂಹಲವಷ್ಟೇ, ಪ್ರತಿ ಶುಕ್ರವಾರ ಏನು ಕಟ್ಟುತ್ತಿದ್ದೀರಿ ಅಂತ ಕೇಳಿದರು. ಒಳಗೆ ಕರೆದು ರೊಟ್ಟಿ, ಗುರೆಳ್ಳು ಹಿಂಡಿ ಕೊಟ್ಟೆ. ಗುರೆಳ್ಳೂ ಹದಿನಾಲ್ಕರಲ್ಲಿ ಇಲ್ಲ. ಅವರು ಹಿಂಡಿಯನ್ನು ಬೆರಳಲ್ಲಿ ಮುಟ್ಟಿ, ಇದು ಯಾವ ಬೀಜ ಅಂತ ಕೇಳಿ, ನಾನು ಉಳಿದಿದ್ದ ಕಾಳು ತೋರಿಸಿದಾಗ ಮುಖ ಅರಳಿಸಿದರು. "ಇದನ್ನು ನಾವು ತೋಟದಲ್ಲಿ ಗೋಲ್ಡ್‌ಫಿಂಚ್ ಹಕ್ಕಿಗಳಿಗೆ ಹಾಕುತ್ತೇವೆ!" ನಿಜವೇ. ಇಲ್ಲಿ ಗುರೆಳ್ಳು ಹಕ್ಕಿ ಆಹಾರದ ಅಂಗಡಿಯಲ್ಲಿ ಮೂಟೆಗಟ್ಟಲೆ ಸಿಗುತ್ತದೆ. ಅವ್ವನಿಗೆ ಹೇಳಿದೆ. "ಹಕ್ಕಿಗೆ ತಿಳಿದಿದ್ದು ಇವರಿಗೆ ಈಗ ತಿಳೀತೇನು?" ಅಂದಳು.

ನೂರಾ ನಲವತ್ತು ಪೊಟ್ಟಣ ಮಾರಿದೆವು. 1,400 ರೊಟ್ಟಿ, 700 ಪೌಂಡು. ಮಗಳಿಗೆ ತಂಡದ ಸಭೆಯಲ್ಲಿ ಸ್ವಂತ ದುಡಿಮೆಗೆ ಚಪ್ಪಾಳೆ, ನನಗೆ ಭುಜಕ್ಕೆ ಫಿಸಿಯೋಥೆರಪಿ. ಮನೆಮನೆಗೆ ಕಾರು ತೊಳೆಯಲು ಹೋದಾಗ ಮಳೆ ಬಂದು ಗಿರಾಕಿ ಸಿಗಲಿಲ್ಲ, ಹಾಗಾಗಿ ಆ ಬೇಸಿಗೆಯಲ್ಲಿ ನನ್ನ ಕಾರೊಂದೇ ಹದಿನೇಳು ಸಲ ತೊಳೆಸಿಕೊಂಡಿತು. ಅಪ್ಪ ಕೊಡಬಾರದು ಅಂತ ನಿಯಮವಿದೆ, ಅಪ್ಪನ ಕಾರು ಕೊಳೆಯಾಗಬಾರದು ಅಂತ ಇಲ್ಲವಲ್ಲ.

"ಎಷ್ಟು ಕೂಡೈತಿ?" ಅಂತ ಅವ್ವ ಒಂದು ದಿನ ಸುಮ್ಮನೆ ಕೇಳಿದಂತೆ ಕೇಳಿದಳು. ಇನ್ನೂ ಕೊರತೆ ಇದೆ ಅಂದೆ. ಅಷ್ಟೇ ಮಾತು. ಹದಿನೈದು ದಿನದ ಮೇಲೆ ಲಿಂಗಸುಗೂರಿನ ಚಿಕ್ಕಪ್ಪನ ಮಗ, ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸ ಮಾಡುವವನು, ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ. ಇನ್ನೂರು ಪುಟದ ನೋಟ್‌ಬುಕ್ಕು. ಮೇಲೆ 'ಶ್ರೀ ಮಲ್ಲಿಕಾರ್ಜುನ ಪ್ರಸನ್ನ'. ಕೆಳಗೆ 'ಮೊಮ್ಮಗಳ ಕೊರಿಯಾ ಯಾತ್ರೆ'. ಅದರ ಕೆಳಗೆ ನಲವತ್ತಮೂರು ಹೆಸರು. ಟೇಲರ್ 101. ಚಹಾದ ಅಂಗಡಿ 51. ಹಿಟ್ಟಿನ ಗಿರಣಿ 201. ನಿವೃತ್ತ ಕಂಡಕ್ಟರ್ 500. ಚಿನ್ನದ ಗಣಿಯವನು ತನ್ನ ಹೆಸರಿನ ಮುಂದೆ 251 ಬರೆಸಿದ್ದ. ಓಣಿಯ ಕೊನೆಯ ಮನೆಯ ಅಜ್ಜಿಯ ಹೆಸರಿನ ಮುಂದೆ 'ಎರಡು ಸೇರು ಜೋಳ'.

ಒಟ್ಟು 6,843 ರೂಪಾಯಿ. ಅರವತ್ತೆಂಟು ಪೌಂಡು ಚಿಲ್ಲರೆ.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಂಗ್ಲೆಂಡಿನಲ್ಲಿ ಎರಡು ಕಾರಿನ ಮನೆಯ ಹುಡುಗಿಗೆ ಮಸ್ಕಿಯ ಟೇಲರು ನೂರಾ ಒಂದು ರೂಪಾಯಿ! ಫೋನು ಹಚ್ಚಿ ಕೂಗಾಡಿದೆ.

"ನೀ ಕೊಡಬಾರದಂತ ಅಲ್ಲ?" ಅಂದಳು ಅವ್ವ. "ನಾವು ಕೊಡಬಾರದು ಅಂತ ಐತೇನು?"

ನಿಯಮಾವಳಿಯನ್ನು ನನಗಿಂತ ಸರಿಯಾಗಿ ಓದಿಕೊಂಡಿದ್ದಳು. ಓಣಿಗೆ ಅವಳು ಹೇಳಿದ್ದು ಮೊಮ್ಮಗಳು ದೇಶದ ಪರವಾಗಿ ಹೊರಟಿದ್ದಾಳೆ ಅಂತ. ಅದು ಸುಳ್ಳಲ್ಲ. ಯಾವ ದೇಶ ಅಂತ ಯಾರೂ ಕೇಳಲಿಲ್ಲ.

ಇಲ್ಲಿಗೆ ಮುಗಿಯಲಿಲ್ಲ. ಲೆಸ್ಟರಿನಲ್ಲಿ ಹಣ ಕೊಟ್ಟವರಿಗೆ ಮಗಳು ಒಂದೊಂದು ಥ್ಯಾಂಕ್ಯೂ ಕಾರ್ಡು ಬರೆದಳು, ಅವರು ಅದನ್ನು ಓದಿದರು, ಲೆಕ್ಕ ಚುಕ್ತಾ. ಮಸ್ಕಿಯಲ್ಲಿ ಕೊಟ್ಟದ್ದು ಆಯೇರಿ. ಆಯೇರಿ ಅಂದರೆ ಮುಯ್ಯಿ, ಮುಯ್ಯಿ ಅಂದರೆ ತಿರುಗಿಸಬೇಕು. "ಟೇಲರನ ಮಗಳ ಮದುವಿ ವೈಶಾಖದಾಗ ಐತಿ. 101 ಬಂದೈತಿ, 201 ಬರಸಬೇಕು. ಕಂಡಕ್ಟರನ ಮೊಮ್ಮಗನ ಜಾವಳ ಶ್ರಾವಣದಾಗ. ಗಿರಣಿಯವ್ರು ಮನಿ ಕಟ್ಟಾಕತ್ತಾರ, ವಾಸ್ತುಕ್ಕ ಬಟ್ಟಿ ಆಯೇರಿ ಮಾಡಬೇಕು." ನಲವತ್ತಮೂರು ಮನೆಗಳ ಮದುವೆ, ಮುಂಜಿ, ಜಾವಳ, ಸೀಮಂತ. ನನ್ನ ಲೆಸ್ಟರ್ ಮನೆಯ ಸಾಲ ಇಪ್ಪತ್ತೈದು ವರ್ಷಕ್ಕೆ ತೀರುತ್ತದೆ. ಈ ಅರವತ್ತೆಂಟು ಪೌಂಡಿನದು ನನ್ನ ಮೊಮ್ಮಕ್ಕಳ ತಲೆಗೂ ಇದೆ.

ಅಂತೂ ಹಣ ಕೂಡಿತು, ಮಗಳು ಹಾರಿದಳು. ಜಾಂಬೂರಿ ನಡೆದ ಸೇಮಾಂಗಮ್ ಅನ್ನುವುದು ಸಮುದ್ರವನ್ನು ಒತ್ತರಿಸಿ ಮಾಡಿದ ಬಟಾಬಯಲು. ನೂರೈವತ್ತಕ್ಕೂ ಹೆಚ್ಚು ದೇಶಗಳಿಂದ ಸುಮಾರು 43,000 ಮಂದಿ ಅಲ್ಲಿ ಗುಡಾರ ಹಾಕಿದರು. ಆಗಸ್ಟ್ 1ಕ್ಕೆ ಜಾಂಬೂರಿ ಶುರು. ಬಿಸಿಲು 35 ಡಿಗ್ರಿ, ಮೇಲೆ ಕಡಲ ಸೆಕೆ, ನೆರಳಿಗೆ ಒಂದು ಮರವಿಲ್ಲ. ನೂರಾರು ಮಕ್ಕಳು ಬಳಲಿ ಮಲಗಿದರು. ನಾಲ್ಕನೆಯ ದಿನವೇ ಬ್ರಿಟನ್ ತನ್ನ ತಂಡವನ್ನು ಹಿಂದಕ್ಕೆ ಕರೆಸಿಕೊಳ್ಳುವುದಾಗಿ ಹೇಳಿ ಎಲ್ಲರನ್ನೂ ಸೋಲ್ ನಗರದ ಹೋಟೆಲುಗಳಿಗೆ ಸಾಗಿಸಿತು. ಚಂಡಮಾರುತ ಬರುತ್ತದೆಂದು ಎಂಟನೆಯ ತಾರೀಖಿಗೆ ಉಳಿದವರನ್ನೂ ಎಬ್ಬಿಸಿದರು. ಆ ಹೋಟೆಲುಗಳಿಗಾಗಿ ಬ್ರಿಟನ್ನಿನ ಸ್ಕೌಟ್ ಸಂಸ್ಥೆ ಕೂಡಿಟ್ಟ ಗಂಟಿನಿಂದ ಹತ್ತು ಲಕ್ಷ ಪೌಂಡಿಗೂ ಮಿಕ್ಕಿ ತೆಗೆಯಬೇಕಾಯಿತು. ಸುದ್ದಿ ಓದಿ ನಾನು ಕೂಡಲೇ ಲೆಕ್ಕ ಹಾಕಿದೆ. ಇಪ್ಪತ್ತು ಲಕ್ಷ ರೊಟ್ಟಿ.

"ಎಷ್ಟಿತ್ತಂತ ಬಿಸಿಲು?" ಅವ್ವ ಕೇಳಿದಳು.

"ಮೂವತ್ತೈದು."

ಫೋನಿನಲ್ಲಿ ಬಹಳ ಹೊತ್ತು ಸಪ್ಪಳವಿಲ್ಲ. ಆಮೇಲೆ, "ಮೂವತ್ತೈದಕ್ಕ ನಾವು ಮದುವಿ ಇಟ್ಕೋತೀವಲ್ಲಪ್ಪಾ" ಅಂದಳು. ಸೆಕೆ, ನೆರಳು, ಗುಡಾರ ಎಲ್ಲ ವಿವರಿಸಿದೆ. ಮಕ್ಕಳ ತಪ್ಪಲ್ಲ, ನಿಜಕ್ಕೂ ಕಷ್ಟವಿತ್ತು. ಅವ್ವ ಕೇಳಿಕೊಂಡಳು. "ಓಣ್ಯಾಗ ನಾ ಚಂಡಮಾರುತದ್ದು ಮಾತ್ರ ಹೇಳ್ತೀನಿ, ಬಿಸಿಲಿಂದು ನಿಮ್ಮಲ್ಲೇ ಇರಲಿ" ಅಂದು ಫೋನಿಟ್ಟಳು.

ಮಗಳಿಗೆ ಮಾತ್ರ ಬೇಸರವೇ ಇರಲಿಲ್ಲ. ಜಾಂಬೂರಿಯಲ್ಲಿ ಸ್ಕೌಟುಗಳು ತಂತಮ್ಮ ದೇಶದ ಬ್ಯಾಡ್ಜು ಅದಲುಬದಲು ಮಾಡಿಕೊಳ್ಳುತ್ತಾರೆ. ಸಿಕ್ಕ ನಾಲ್ಕು ದಿನದಲ್ಲೇ ಇವಳು ಚೀಲ ತುಂಬ ತಂದಿದ್ದಳು. ಡಿಸೆಂಬರಿನಲ್ಲಿ ಮಸ್ಕಿಗೆ ಹೋದಾಗ ಅವ್ವನ ನೋಟ್‌ಬುಕ್ಕು ಹಿಡಿದು, ಹೆಸರಿಗೊಂದರಂತೆ ಮನೆಮನೆಗೆ ಹಂಚಲು ಹೊರಟಳು. ಟೇಲರು ನಾರ್ವೆಯನ್ನು ಮಗನ ಸಾಲಿ ಚೀಲಕ್ಕೆ ಅಲ್ಲೇ ಮಷೀನಿನಲ್ಲಿ ಹೊಲಿದ. ಚಹಾದ ಅಂಗಡಿಯವನ ಅಂಗಿ ಜೇಬಿನ ಮೇಲೆ ಚಿಲಿ ದೇಶ ಬಂದು ಕೂತಿತು. ಕಂಡಕ್ಟರು ಮೆಕ್ಸಿಕೋ ಯಾವ ಡಿಪೋಕ್ಕೆ ಬರುತ್ತದೆ ಅಂತ ಕೇಳಿದರು. ಎರಡು ಸೇರು ಜೋಳ ಕೊಟ್ಟ ಅಜ್ಜಿಗೆ ಎರಡು ಬ್ಯಾಡ್ಜು. ಪ್ರತಿ ಮನೆಯಲ್ಲೂ ಒಗ್ಗರಣಿ, ಮಿರ್ಚಿ ತಿನ್ನಿಸಿದರು, ಸಾಸಿವೆ ಸಮೇತ. ಪ್ರಾಯೋಜಕರಿಲ್ಲದೆಯೂ ಅವಳು ಆ ದಿನ ಮೂರು ಗಂಟೆ ಕನ್ನಡ ಮಾತಾಡಿದಳು.

ಸಂಜೆ ಅಶೋಕನ ಶಾಸನದ ಹತ್ತಿರ ಕರೆದೊಯ್ದೆ. 1915ರಲ್ಲಿ ಬೀಡನ್ ಅನ್ನುವ ಇಂಜಿನಿಯರು ನಿಜಾಮ ಸರ್ಕಾರದ ಪರವಾಗಿ ಚಿನ್ನದ ನಿಕ್ಷೇಪ ಹುಡುಕುತ್ತ ಬಂದು ಈ ಬಂಡೆ ಕಂಡ, ಶಾಸನಗಳ ದೇವಾನಾಂಪ್ರಿಯ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ ಮೊದಲ ಶಾಸನ ಇದು ಅಂತೆಲ್ಲ ಹೇಳಿದೆ. ಮಗಳು ಕಬ್ಬಿಣದ ಸರಳಿನ ಆಚೆ ಬಗ್ಗಿ ನೋಡಿ, "ಅಂದರೆ ಹಣ ಎತ್ತಿದ್ದು ಚಿನ್ನಕ್ಕೆ, ಸಿಕ್ಕಿದ್ದು ಕಲ್ಲು. ನಿಜಾಮರಿಗೆ ಥ್ಯಾಂಕ್ಯೂ ಕಾರ್ಡು ಏನಂತ ಬರೆದನೋ!" ಅಂದಳು.

ಈಗ ಸರದಿ ಮಗನದು. 26ನೆಯ ವಿಶ್ವ ಸ್ಕೌಟ್ ಜಾಂಬೂರಿ 2027ರ ಜುಲೈ 30ರಿಂದ ಆಗಸ್ಟ್ 8ರವರೆಗೆ ಪೋಲೆಂಡಿನ ಗ್ಡಾನ್ಸ್ಕ್‌ನಲ್ಲಿ. ಅಲ್ಲಿ ಸೆಕೆ ಕಡಿಮೆ ಅಂತ ಅವ್ವನಿಗೆ ಮೊದಲೇ ತಿಳಿಸಿದ್ದೇನೆ, ಹೊಸ ನೋಟ್‌ಬುಕ್ಕು ಕೊಳ್ಳಬೇಡ ಅಂತಲೂ ಕೈ ಮುಗಿದಿದ್ದೇನೆ. ಲೆಸ್ಟರ್ ಸುತ್ತಮುತ್ತಲಿನ ಕನ್ನಡಿಗರಲ್ಲಿ ವಿನಂತಿ: ಖಡಕ್ ರೊಟ್ಟಿ ಶುಕ್ರವಾರ ರಾತ್ರಿ ತಯಾರು, ಹತ್ತರ ಪೊಟ್ಟಣ ಈಗ ಆರು ಪೌಂಡು. ಗುರೆಳ್ಳು ಹಿಂಡಿ ಬೇಕಾದವರು ಬುಧವಾರದೊಳಗೆ ತಿಳಿಸಿ, ಪಕ್ಕದ ಮನೆಯವರು ಎರಡು ಡಬ್ಬಿ ಖಾಯಂ ಮಾಡಿಕೊಂಡಿದ್ದಾರೆ, ಹಕ್ಕಿಗಲ್ಲ.